ಚದುರಂಗದ ಹಾನಗಲ್ಲ ಘರಾಣೆ: ಒಂದು ಪ್ರೌಢ ಸಂಶೋಧನೆ

ಚದುರಂಗದ ಅಂತ್ಯಾಟ ಹುಟ್ಟಿದ್ದು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳಲ್ಲಿ. ಮಂತ್ರಿ ಸತ್ತು, ಕುದುರೆ ಒಂಟೆಗಳು ಡಬ್ಬಿ ಸೇರಿ, ಹಲಗೆಯ ಮೇಲೆ ಎರಡು ರಾಜ, ಒಂದೆರಡು ಆನೆ, ನಾಲ್ಕಾರು ಪ್ಯಾದೆ ಉಳಿದಾಗ ನಡೆಯುವ ಆ ಕೊನೆಯ ಆಟದ ತವರು ಬೇರೆಲ್ಲೋ ಇದೆ ಎಂದು ನಂಬಿದವರು ಈ ಪ್ರಬಂಧವನ್ನು ಓದಲೇಬೇಕು. ಇಲ್ಲೇ ಎಂದು ಈಗಾಗಲೇ ಒಪ್ಪಿದವರು ಒಂದು ಪ್ರತಿ ಕೊಂಡರೆ ಸಾಕು. ಘರಾಣೆಗೆ ಹಾನಗಲ್ಲಿನ ಹೆಸರೇ ಏಕೆ ಎಂದು ಉಳಿದ ಮೂರು ತಾಲೂಕಿನವರು ತಕರಾರು ಎತ್ತಿದ್ದಾರೆ. ಪ್ರಬಂಧಕಾರನ ಮಾವನ ಮನೆ ಹಾನಗಲ್ಲಿನಲ್ಲಿರುವುದರಿಂದ ಆ ಚರ್ಚೆಯನ್ನು ಇಲ್ಲಿಗೇ ಮುಗಿಸಲಾಗಿದೆ.

ಪೂರ್ವಪಕ್ಷ ಹೀಗಿದೆ. ಸ್ಪೇನಿನ ಲೂಸೆನಾ ಎಂಬಾತ 1497ರಲ್ಲೇ ಚದುರಂಗದ ಪುಸ್ತಕ ಅಚ್ಚು ಹಾಕಿಸಿದ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದ್ದು 1509ರಲ್ಲಿ ಎಂದು ಪ್ರತೀತಿ. ಹನ್ನೆರಡು ವರ್ಷ ಹಿರಿದಾದ ಪುಸ್ತಕಕ್ಕೇ ಅಗ್ರಪೂಜೆ ಸಲ್ಲಬೇಕಲ್ಲವೇ?

ಸಲ್ಲಬಾರದು. ಲೂಸೆನಾನ ಹೆಸರಿನಲ್ಲಿ ಜಗತ್ತೆಲ್ಲ ಕಲಿಯುವ ಪಟ್ಟು ಒಂದಿದೆ. ಪ್ಯಾದೆ ಏಳನೇ ಸಾಲಿಗೆ ಬಂದು ನಿಂತಿದೆ; ಅದರ ಮುಂದಿನ ಮನೆಯಲ್ಲಿ ತನ್ನದೇ ರಾಜ ಕೂತು ದಾರಿ ಕಟ್ಟಿದ್ದಾನೆ; ಹೊರಗೆ ಕಾಲಿಟ್ಟರೆ ಎದುರಾಳಿಯ ಆನೆ ಚೆಕ್ ಮೇಲೆ ಚೆಕ್ ಕೊಡುತ್ತದೆ. ಆಗ ತನ್ನ ಆನೆಯನ್ನು ಮೊದಲೇ ನಾಲ್ಕನೇ ಸಾಲಿಗೆ ತಂದಿಟ್ಟುಕೊಂಡರೆ, ರಾಜ ಮೆಟ್ಟಿಲಿಳಿದು ಬಂದಾಗ ಆ ಆನೆಯೇ ಚೆಕ್ಕಿಗೆ ಅಡ್ಡ ನಿಲ್ಲುತ್ತದೆ. ಇದಕ್ಕೆ ಸೇತುವೆ ಕಟ್ಟುವುದು ಎಂದು ಹೆಸರು. ಮಳೆಗಾಲದಲ್ಲಿ ವರದಾ ನದಿ ದಾಟಿದವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಸತ್ಯ ಸಂಗತಿ: ಈ ಪಟ್ಟು ಲೂಸೆನಾನ ಪುಸ್ತಕದಲ್ಲಿ ಇಲ್ಲವೇ ಇಲ್ಲ! ಅದು ಮೊದಲು ಅಚ್ಚಾದದ್ದು ಇಟಲಿಯ ಸಾಲ್ವಿಯೊನ ಪುಸ್ತಕದಲ್ಲಿ, 1634ರಲ್ಲಿ. ಅಷ್ಟೊತ್ತಿಗೆ ಕನಕದಾಸರು ಕಾಲವಾಗಿ, ಅದೇ ಪ್ರತೀತಿಯ ಲೆಕ್ಕದಲ್ಲಿ, 25 ವರ್ಷ ಕಳೆದಿತ್ತು. ಯಾರು ಯಾರಿಂದ ಎತ್ತಿದರು ಎಂಬುದನ್ನು ಸಭ್ಯತೆಯ ದೃಷ್ಟಿಯಿಂದ ಇಲ್ಲಿ ಬರೆದಿಲ್ಲ.

ಕನಕದಾಸರು ಚದುರಂಗ ಆಡಿದ್ದಕ್ಕೆ ಆಧಾರವೇನು ಎಂದು ಕೇಳುವ ಜನ ಇದ್ದಾರೆ. ಆಡಲಿಲ್ಲ ಎನ್ನುವುದಕ್ಕೂ ಆಧಾರವಿಲ್ಲ ಎಂಬುದು ಅವರ ಗಮನಕ್ಕೆ ಬಂದಿಲ್ಲ. ಅದಿರಲಿ, ಕನಕದಾಸರ ಮುಂಡಿಗೆ ಎಂದರೇನು? ಮೇಲೆ ನೋಡಿದರೆ ಅಸಂಬದ್ಧ, ಒಳಗೆ ಒಂದೇ ಒಂದು ಬೀಗದ ಕೈ. ಚೆಸ್ ಪಜಲ್ ಎಂದರೂ ಅದೇ. ಬಾಡದಲ್ಲಿ ಮುಂಡಿಗೆ, ಅದೇ ತಾಲೂಕಿನ ಶಿಶುವಿನಹಾಳದಲ್ಲಿ ಷರೀಫ ಸಾಹೇಬರ ಒಗಟಿನಂಥ ತತ್ವಪದ, ಹಿರೇಕೆರೂರು ಸೀಮೆಯಲ್ಲಿ ಸರ್ವಜ್ಞನ ತ್ರಿಪದಿ. ಸರ್ವಜ್ಞ ಮಾಸೂರಿನವನೋ ಅಬಲೂರಿನವನೋ ಎಂಬ ಜಗಳ ಹಳೆಯದು. ಎರಡೂ ಹಿರೇಕೆರೂರು ಭಾಗದವೇ ಆದ್ದರಿಂದ ನಮ್ಮ ಸಿದ್ಧಾಂತಕ್ಕೆ ಬಾಧೆಯಿಲ್ಲ. ತ್ರಿಪದಿಗೆ ಮೂರು ಸಾಲು. ಪತ್ರಿಕೆಗಳ ಪಜಲ್ ಕೆಳಗೆ ಬರೆದಿರುವುದು ‘ಮೂರು ನಡೆಗಳಲ್ಲಿ ಮಾತ್’. ಇನ್ನು ವಾದ ಬೇಕೇ?

ಲಿಖಿತ ಆಕರಗಳೂ ನಮ್ಮ ಕಡೆಗಿವೆ. ಕಲ್ಯಾಣ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚದುರಂಗದ ವಿಚಾರವಿದೆ; ಹಾನಗಲ್ಲಿನ ಕದಂಬರು ಆ ಮನೆತನದ ಮಾಂಡಲಿಕರು; ಮಾಂಡಲಿಕರು ಹೇಳಿಕೊಟ್ಟದ್ದನ್ನು ಚಕ್ರವರ್ತಿ ಬರೆದುಕೊಂಡ ಎನ್ನಲು ಅಡ್ಡಿ ಕಾಣುವುದಿಲ್ಲ. ತಿರುವೆಂಗಡಾಚಾರ್ಯ ಶಾಸ್ತ್ರಿಗಳ ಸಂಸ್ಕೃತ ಗ್ರಂಥವೊಂದು 1814ರಲ್ಲಿ ಮುಂಬಯಿಯಲ್ಲಿ ಇಂಗ್ಲಿಷಿಗೆ ಇಳಿದು ಅಚ್ಚಾಯಿತು. ಅದರ ತುಂಬ ಇರುವುದು ಬಿಡಿಸಬೇಕಾದ ಸ್ಥಿತಿಗಳೇ. ಆಗ ನಮ್ಮ ಸೀಮೆ ಪೇಶ್ವೆಯ ಅಂಕೆಯಲ್ಲಿತ್ತು. ಮುಂಬಯಿಗೆ ಅರಳೆ ಹೋದ ದಾರಿಯಲ್ಲೇ ವಿದ್ಯೆಯೂ ಹೋಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಓಡಿಸುವ ಬಂಧಗಳನ್ನು ಕಟ್ಟಿದ್ದು ನಿಜ. ಅದು ಕುದುರೆ ಸವಾರಿಯ ಮಾತಾಯಿತು, ಅಂತ್ಯಾಟದ್ದಲ್ಲ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ 2017ರಲ್ಲಿ ಮೈಸೂರಿನಿಂದಲೇ ಬಂದರು ಎಂದು ಆ ಕಡೆಯವರು ಬೀಗುವುದುಂಟು. ಮರುವರ್ಷ ಶಿವಮೊಗ್ಗದ ಸ್ಟ್ಯಾನಿ ಗ್ರ್ಯಾಂಡ್‌ಮಾಸ್ಟರ್ ಆದರು. ಹಿರೇಕೆರೂರಿನಿಂದ ಶಿಕಾರಿಪುರ ದಾಟಿದರೆ ಶಿವಮೊಗ್ಗ. ಗಾಳಿ ಎತ್ತಣಿಂದ ಬೀಸಿತೆಂದು ತಿಳಿಯಲು ಹವಾಮಾನ ಇಲಾಖೆ ಬೇಡ.

ಈಗ ಪ್ರಬಂಧದ ತಿರುಳಾದ ಸವಣೂರು ಹಸ್ತಪ್ರತಿ. ಇದು ಖಾರ ಕಟ್ಟಿಕೊಟ್ಟ ದಿನಪತ್ರಿಕೆಯ ಅರ್ಧ ಹಾಳೆ. ಒಂದು ಮೂಲೆಯಲ್ಲಿ ಪಜಲ್ಲಿನ ಚಿತ್ರವಿದೆ. ಉತ್ತರ ಇದ್ದ ಭಾಗ ಇನ್ನೊಬ್ಬ ಗಿರಾಕಿಯ ಪೊಟ್ಟಣವಾಗಿ ಹೋಗಿದೆ. ಎಣ್ಣೆ ಹೀರಿ ಹಾಳೆ ಪಾರದರ್ಶಕವಾಗಿರುವುದರಿಂದ ಹಿಂದಿನ ಪುಟದ ಟೆಂಡರ್ ಜಾಹೀರಾತು ಹಲಗೆಯ ಮೇಲೆ ಮೂಡಿದೆ. ಬಿಳಿ ರಾಜ ಬಿ6ರಲ್ಲಿ, ಬಿಳಿ ಪ್ಯಾದೆ ಸಿ6ರಲ್ಲಿ, ಕಪ್ಪು ರಾಜ ಮೂಲೆಯ ಎ1ರಲ್ಲಿ. ಇಷ್ಟು ನಿರ್ವಿವಾದ. ಡಿ5ರಲ್ಲಿ ಒಂದು ಕರಿ ಕಲೆ. ಅದು ಆನೆಯೋ, ಸೀದ ಶೇಂಗಾದ ಗುರುತೋ?

ಕಟ್ಟೆಯ ವಿದ್ವಾಂಸರಲ್ಲಿ ಎರಡು ಪಂಗಡವಾಯಿತು. ಶೇಂಗಾವಾದಿಗಳ ಪ್ರಕಾರ ಪ್ಯಾದೆ ಸುಮ್ಮನೆ ಎರಡು ಹೆಜ್ಜೆ ನಡೆದು ಮಂತ್ರಿಯಾಗುತ್ತದೆ, ಆಟ ಮುಗಿಯುತ್ತದೆ. ಆದರೆ ಗ್ರಂಥಸಂಪಾದನೆಯಲ್ಲಿ ಕಠಿಣ ಪಾಠವೇ ಮೂಲ ಪಾಠ ಎಂಬ ಸೂತ್ರವಿದೆ. ಅಷ್ಟು ಸಸಾರವಾಗಿದ್ದರೆ ಪತ್ರಿಕೆಯವರು ಅಚ್ಚು ಹಾಕುತ್ತಿದ್ದರೇ? ಕಲೆ ಆನೆಯೇ ಎಂದು ನಿರ್ಣಯವಾಯಿತು. ಹಲಗೆ ಬಂತು. ಕಳೆದುಹೋದ ಕರಿ ಆನೆಯ ಬದಲು ಸೋಡಾ ಬಾಟಲಿಯ ಮುಚ್ಚಳ ಇಟ್ಟರು. ಪ್ಯಾದೆ ಸಿ7ಕ್ಕೆ ಬಂತು. ಮುಚ್ಚಳ ಚೆಕ್ ಕೊಡುತ್ತ ಬೆನ್ನಟ್ಟಿತು. ಬಿಳಿ ರಾಜ ಬಿ5, ಬಿ4, ಬಿ3 ಎಂದು ಒಂದೊಂದೇ ಮನೆ ಇಳಿದು ಸಿ2ಕ್ಕೆ ಬಂದ. ಮುಚ್ಚಳ ಡಿ4ಕ್ಕೆ ಹಾರಿತು. ಹೈಸ್ಕೂಲ್ ಹುಡುಗನೊಬ್ಬ ಪ್ಯಾದೆಯನ್ನು ಸಿ8ಕ್ಕೆ ನೂಕಿ ಮಂತ್ರಿ ಎತ್ತಿಕೊಳ್ಳಲು ಡಬ್ಬಿಗೆ ಕೈ ಹಾಕಿದ.

“ಏ ತಮ್ಮಾ, ವಜೀರ ಮಾಡಬ್ಯಾಡೋ,” ಎಂದರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಕಾಕಾ ಒಬ್ಬರು, ಹಲಗೆಯ ಕಡೆ ಪೂರ್ತಿ ತಿರುಗದೆ. “ವಜೀರ ಮಾಡಿದಿ ಅಂದ್ರ ಆಂವಾ ಆನಿ ತಂದು ಸಿ ನಾಕಕ್ಕ ಇಟ್ಟು ಚೆಕ್ ಕೊಡ್ತಾನ. ನೀ ಹೊಡೀತಿ. ಆಮ್ಯಾಲ ಅಂವನ ರಾಜಗ ಹೆಜ್ಜಿ ಇಡಾಕ ಜಾಗಾನ ಇಲ್ಲ, ಚೆಕ್ಕೂ ಇಲ್ಲ. ಡ್ರಾ ಆತು.”

“ಮತ್ತ ಏನ್ ಮಾಡ್ಲಿ ಕಾಕಾ?”

“ಆನಿ ಮಾಡು.”

ಹುಡುಗ ಆನೆ ಮಾಡಿದ. ಈಗ ಎ8ರಿಂದ ಮಾತ್ ಆಗುವ ಭಯ. ಮುಚ್ಚಳ ಎ4ಕ್ಕೆ ಓಡಿ ಅಡ್ಡ ನಿಂತಿತು. ಬಿಳಿ ರಾಜ ಬಿ3ಕ್ಕೆ ಸರಿದ: ಒಂದು ಕಡೆ ಮುಚ್ಚಳ ಸಾಯುತ್ತದೆ, ಇನ್ನೊಂದು ಕಡೆ ಸಿ1ರಲ್ಲಿ ಮಾತ್.

ಪಾಶ್ಚಾತ್ಯರು ಇದನ್ನು ಸಾವೆದ್ರಾ ಸ್ಥಿತಿ ಎನ್ನುತ್ತಾರೆ. 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರಲ್ಲಿ ಬಾರ್ಬಿಯರ್ ಎಂಬ ಅಂಕಣಕಾರ, 20 ವರ್ಷ ಹಿಂದಿನ ಒಂದು ಪಂದ್ಯವನ್ನು ನೆನಪಿನಿಂದ ಹೆಕ್ಕಿ, ಅರೆಬರೆಯಾಗಿ ಇಟ್ಟು, ಕೊನೆಗೆ ಡ್ರಾ ಎಂದು ಅಚ್ಚು ಹಾಕಿದ. ಅದೇ ಊರಿನಲ್ಲಿದ್ದ ಸ್ಪೇನಿನ ಪಾದ್ರಿ ಸಾವೆದ್ರಾ, ಮಂತ್ರಿ ಬೇಡ, ಆನೆ ಮಾಡಿ ಎಂದು ತೋರಿಸಿದ. ಆತನ ಹೆಸರು ಚದುರಂಗದಲ್ಲಿ ಉಳಿದಿರುವುದು ಆ ಒಂದೇ ನಡೆಯಿಂದ. ಕೈಗೆ ಬಂದ ದೊಡ್ಡ ಪದವಿ ಬಿಟ್ಟು ಚಿಕ್ಕದನ್ನು ಹಿಡಿದು ಗೆಲ್ಲುವ ಈ ತಂತ್ರ ಪಾದ್ರಿಗೆ ಹೊಳೆದದ್ದು ಸಹಜ. ದಂಡನಾಯಕಿಕೆ ಬಿಟ್ಟು ದಾಸನಾದವನ ಊರಿನಲ್ಲಿ ಅದು ಇನ್ನೂ ಮುಂಚೆ ಹೊಳೆದಿತ್ತು ಎಂಬುದಷ್ಟೇ ನಮ್ಮ ವಿನಯಪೂರ್ವಕ ನಿವೇದನೆ.

ನಡೆಯಲೇಬೇಕು, ಯಾವ ಕಾಯಿ ನಡೆಸಿದರೂ ಕೆಟ್ಟಂತೆ ಎಂಬ ಸ್ಥಿತಿಗೆ ಜರ್ಮನ್ನರು ಟ್ಸುಗ್ಟ್ಸ್ವಾಂಗ್ ಎನ್ನುತ್ತಾರೆ. ಇದನ್ನು ಉಚ್ಚರಿಸುವ ಬದಲು ಸವಣೂರು ಎಂದರೆ ಸಾಕು. ಒಂದು ಕಡೆ ಮರಾಠರು, ಒಂದು ಕಡೆ ನಿಜಾಮ, ಕೆಳಗಿನಿಂದ ಹೈದರ್. ನವಾಬ ಅಬ್ದುಲ್ ಹಕೀಂ ಖಾನ್ 1779ರಲ್ಲಿ ಹೈದರನ ಮನೆಯೊಡನೆ ಹೆಣ್ಣು ಕೊಟ್ಟು ತಂದು ಬೀಗರಾದ; ಮುಂದೆ ಮರಾಠರ ಕಡೆ ವಾಲಿದ; 1786ರಲ್ಲಿ ಟಿಪ್ಪು ಬಂದು ಊರು ಹಿಡಿದಾಗ ಓಡಿಹೋದ. ಸುಮ್ಮನೆ ಕೂತಿದ್ದರೆ ಉಳಿಯುತ್ತಿದ್ದ ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ಚದುರಂಗದಲ್ಲಿ ಸುಮ್ಮನೆ ಕೂರಲು ನಿಯಮವಿಲ್ಲ.

ಹಾನಗಲ್ಲಿನ ಕೊಡುಗೆ ಕೋಟೆ ಕಾಯುವುದು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಬಂದು ಆನೆಕೆರೆಯ ದಂಡೆಯಲ್ಲಿ ಬೀಡು ಬಿಟ್ಟು ಊರಿಗೆ ಮುತ್ತಿಗೆ ಹಾಕಿದ. (ಆನೆ ಎಲ್ಲಿರಬೇಕೋ ಅಲ್ಲೇ ಇತ್ತು ಎಂಬುದನ್ನು ಗಮನಿಸಬೇಕು.) ಕದಂಬ ಕಾಮದೇವನ ಸೇನಾನಿ ಸೋಹಣಿ ಆ ಸಲ ಬಲ್ಲಾಳನನ್ನು ಹಿಮ್ಮೆಟ್ಟಿಸಿದ, ತಾನು ಸತ್ತ. ಫ್ರಾನ್ಸಿನ ಫಿಲಿಡೋರ್ 1777ರಲ್ಲಿ ಹೇಳಿದ ರಕ್ಷಣೆ ಇನ್ನೂ ಮಿತವ್ಯಯದ್ದು: ನಿನ್ನ ಆನೆಯನ್ನು ನಿನ್ನ ಕಡೆಯಿಂದ ಮೂರನೇ ಸಾಲಿನಲ್ಲಿಟ್ಟು ಎದುರಿನ ರಾಜನಿಗೆ ದಾರಿ ಕಟ್ಟು; ಅವನ ಪ್ಯಾದೆ ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆಯನ್ನು ಹಲಗೆಯ ಆಚೆ ತುದಿಗೆ ಓಡಿಸಿ ಹಿಂದಿನಿಂದ ಚೆಕ್ ಕೊಡುತ್ತಲೇ ಇರು. ಸೋಹಣಿಗೆ ಇದು ತಿಳಿದಿರಲಿಲ್ಲ ಎಂದಲ್ಲ, ಫಿಲಿಡೋರ್ ಹುಟ್ಟಿರಲಿಲ್ಲ.

ಬಲಿಕೊಡುವ ವಿದ್ಯೆ ಅಬಲೂರಿನದು. ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತನ್ನ ತಲೆಯನ್ನೇ ಕತ್ತರಿಸಿಕೊಟ್ಟು, ಏಳನೇ ದಿನ ಮರಳಿ ಪಡೆದನೆಂದು ಅಲ್ಲಿನ ಶಾಸನ ಹೇಳುತ್ತದೆ. ಮಂತ್ರಿಯನ್ನು ಕೊಟ್ಟು ಏಳು ನಡೆಯೊಳಗೆ ಬಡ್ಡಿಸಹಿತ ವಸೂಲು ಮಾಡುವ ಆಟಗಾರರು ಇದನ್ನು ಓದಿರಬೇಕು.

ಇಷ್ಟಾದರೂ ಘರಾಣೆಯ ಹುಡುಗರು ಸೋಲುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಮೊಬೈಲಿನಲ್ಲಿ ದಿನಾ ಪಜಲ್ ಬಿಡಿಸುತ್ತಾರೆ, ಹಳೆಯ ಉಸ್ತಾದರ ಆಟ ಬಾಯಿಪಾಠ ಮಾಡುತ್ತಾರೆ. ಪಜಲ್ಲಿನ ನೆತ್ತಿಯ ಮೇಲೆ ‘ಬಿಳಿ ಗೆಲ್ಲುತ್ತದೆ’ ಎಂದು ಬರೆದಿರುತ್ತದೆ. ನಿಜವಾದ ಆಟದಲ್ಲಿ ಈಗ ಇಲ್ಲೊಂದು ಮುಂಡಿಗೆ ಇದೆ, ಎಚ್ಚರಾಗು ಎಂದು ಯಾರೂ ಹೇಳುವುದಿಲ್ಲ. ಕ್ಯಾಪಾಬ್ಲಾಂಕಾ ತನ್ನ 1921ರ ಪುಸ್ತಕದಲ್ಲಿ ಕಾಯಿ ಕಡಿಮೆ ಇರುವ ಕೊನೆಯಾಟಗಳನ್ನು ಮೊದಲಿಗೇ ತಂದಿಟ್ಟದ್ದು ಒಳ್ಳೆಯ ಯೋಚನೆ. ನಮ್ಮವರು ನಾಲ್ಕೇ ನಡೆಯಲ್ಲಿ ಮಾತ್ ಮಾಡುವುದನ್ನು ಮೊದಲು ಕಲಿತು, ಐದನೇ ನಡೆಗೆ ಏನು ಮಾಡಬೇಕೆಂದು ತೋಚದೆ ಮೋರೆ ನೋಡುತ್ತಾರೆ.

ಕಟ್ಟಕಡೆಯ ಪ್ರಮಾಣವಾಗಿ ರಿಚರ್ಡ್ ರೇಟಿಯ 1921ರ ರಚನೆಯನ್ನು ಕಟ್ಟೆಯ ಮೇಲೆ ಇಟ್ಟು ನೋಡಲಾಯಿತು. ಬಿಳಿ ರಾಜ ಎಚ್8ರ ಮೂಲೆಯಲ್ಲಿ, ಬಿಳಿ ಪ್ಯಾದೆ ಸಿ6ರಲ್ಲಿ; ಕಪ್ಪು ರಾಜ ಎ6ರಲ್ಲಿ, ಕಪ್ಪು ಪ್ಯಾದೆ ಎಚ್5ರಲ್ಲಿ. ನಡೆ ಬಿಳಿಯದು. ಕಪ್ಪು ಪ್ಯಾದೆಯನ್ನು ಹಿಡಿಯಲು ರಾಜ ಎರಡು ಹೆಜ್ಜೆ ಹಿಂದಿದ್ದಾನೆ, ತನ್ನ ಪ್ಯಾದೆಯನ್ನು ಕಾಯಲೂ ದೂರ. ಆದರೂ ಜಿ7, ಎಫ್6 ಎಂದು ಮೂಲೆಗೆರೆಯಲ್ಲಿ ಇಳಿದರೆ ಒಂದೇ ನಡಿಗೆಯಲ್ಲಿ ಎರಡೂ ಕೆಲಸಕ್ಕೆ ಹತ್ತಿರವಾಗುತ್ತಾನೆ, ಬಿಳಿ ಸೋಲುವುದಿಲ್ಲ. ಹುಡುಗರು ತಾಸುಗಟ್ಟಲೆ ತಲೆ ಕೆರೆದುಕೊಂಡರು. ಕಾಕಾ ಎಲೆ ಮಡಚಿ ದವಡೆಗಿಟ್ಟು, ಹಲಗೆಯ ಮೇಲೆ ಉಳಿದ ನಾಲ್ಕು ಕಾಯಿಗಳನ್ನು ಒಮ್ಮೆ ನೋಡಿ ಅಂದರು: “ಇಬ್ಬರ ಕಡೀನೂ ಒಂದೊಂದ ಆಳು ಉಳದಾವ. ಹೊಡದಾಡಿ ಏನ್ ಮಾಡ್ತೀರಿ, ರಾಜಿ ಆಗ್ರಿ.”

ಉತ್ತರ ಸರಿಯಾಗಿರುವುದರಿಂದ ಪೂರ್ಣ ಅಂಕ ಕೊಡಲಾಗಿದೆ. ನಡೆಗಳನ್ನು ತೋರಿಸದಿದ್ದಕ್ಕೆ ಅಂಕ ಕಡಿಯಬೇಕೆಂದು ಸವಣೂರಿನವರು ಸಲ್ಲಿಸಿದ ಆಕ್ಷೇಪಣೆ ಪರಿಶೀಲನೆಯಲ್ಲಿದೆ.