ಉತ್ತರಭಾಗ ಮೀಮಾಂಸೆ

ಸೂತ್ರ 1: ಗೆದ್ದ ಸಾಹಸಚಿತ್ರ ಮರಿಹಾಕದೆ ಬಿಡದು.

ಭಾಷ್ಯ: 'ಗೆದ್ದ' ಎಂದದ್ದರಿಂದ ಸೋತ ಚಿತ್ರಗಳು ಈ ಪಾಪದಿಂದ ಮುಕ್ತವೆಂದು ತಿಳಿಯತಕ್ಕದ್ದು. ವೀರಕ್ಕೆ ಉತ್ಸಾಹ, ಭಯಾನಕಕ್ಕೆ ಭಯ ಎಂದು ಭರತಮುನಿ ಒಂದೊಂದು ರಸಕ್ಕೂ ಸ್ಥಾಯಿಭಾವ ಹೇಳಿಟ್ಟಿದ್ದಾನೆ. ಆ ಮರಿಯ, ಅಂದರೆ ಉತ್ತರಭಾಗದ, ಸ್ಥಾಯಿಭಾವ ಲೋಭ. ಅದು ಅವನ ಪಟ್ಟಿಯಲ್ಲಿಲ್ಲ. ಪಾಪ, ನಾಟ್ಯಶಾಸ್ತ್ರ ಬರೆಯುವಾಗ ಅವನೆದುರು ನಿರ್ಮಾಪಕರು ಕೂತಿರಲಿಲ್ಲ.

ಸೂತ್ರ 2: ವಾಹನ ಹಿಗ್ಗಿದಷ್ಟೂ ವೇಗ ಕುಗ್ಗುವುದು.

ಭಾಷ್ಯ: ಯಾನ್ ಡಿ ಬಾಂಟ್ ನಿರ್ದೇಶನದ 'ಸ್ಪೀಡ್' (1994) ಇಲ್ಲಿ ಗ್ರಾಹ್ಯ. ಲಾಸ್ ಏಂಜಲೀಸ್‌ನ ಒಂದು ಸಿಟಿ ಬಸ್ಸು. ವೇಗ ಗಂಟೆಗೆ 50 ಮೈಲಿಗಿಂತ ಇಳಿದರೆ ಬಾಂಬು ಸಿಡಿಯುತ್ತದೆ. ಡ್ರೈವರಿಗೆ ಗುಂಡು ತಗುಲಿದಾಗ ಸ್ಟೀರಿಂಗ್ ಹಿಡಿಯುವವಳು ಆನಿ. ಅವಳು ಆ ದಿನ ಬಸ್ಸು ಹತ್ತಿದ್ದೇ ಅತಿವೇಗಕ್ಕೆ ಲೈಸೆನ್ಸ್ ಕಳೆದುಕೊಂಡಿದ್ದರಿಂದ! ಕಥೆಯ ಕಟ್ಟು ಹೀಗೆ ಬಿಗಿಯಾಗಿದ್ದರೆ ಖಳನಾಯಕನಿಗೆ ಹೆಚ್ಚು ಕೆಲಸವಿರುವುದಿಲ್ಲ. ತಿರುವು, ಟ್ರಾಫಿಕ್ಕು, ಸೋರುವ ಟ್ಯಾಂಕು ಎಲ್ಲವೂ ಅವನ ಕಡೆಯವೇ.

1997ರಲ್ಲಿ ಅದೇ ನಿರ್ದೇಶಕರು 'ಸ್ಪೀಡ್ 2'ಕ್ಕಾಗಿ ಬಸ್ಸಿಳಿದು ಐಷಾರಾಮಿ ಹಡಗು ಹತ್ತಿದರು. ಮೊದಲನೆಯದು 3 ಕೋಟಿ ಡಾಲರ್ ಆಸುಪಾಸಿನಲ್ಲಿ ಮುಗಿದಿದ್ದರೆ, ಇದು 10 ಕೋಟಿ ದಾಟಿತು. ಮೊದಲ ಚಿತ್ರದ ನಾಯಕ ಕಿಯಾನು ರೀವ್ಸ್ ಕಥೆ ನೋಡಿ ಒಲ್ಲೆ ಎಂದರು. ಇಡೀ ಪ್ರಕರಣದಲ್ಲಿ ಮೀಮಾಂಸಕ ಬುದ್ಧಿ ತೋರಿದವರು ಅವರೊಬ್ಬರೇ. ವಿಲ್ಲೆಮ್ ಡಫೊ ಅವರ ಖಳ ಮೈಯೊಳಗಿನ ತಾಮ್ರದ ವಿಷ ಇಳಿಸಿಕೊಳ್ಳಲು ಜಿಗಣೆ ಕಚ್ಚಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ವಹಿಸಿದ ಕೆಲಸವನ್ನು ಚೊಕ್ಕವಾಗಿ ಮಾಡಿದ ಪಾತ್ರಗಳೆಂದರೆ ಆ ಜಿಗಣೆಗಳು. ಕೊನೆಗೆ ಹಡಗು ಕೆರಿಬಿಯನ್ನಿನ ಸೇಂಟ್ ಮಾರ್ಟಿನ್ ದ್ವೀಪದ ಊರೊಳಕ್ಕೆ ನುಗ್ಗುತ್ತದೆ. ನುಗ್ಗುತ್ತದೆ ಎಂದದ್ದು ಉಪಚಾರಕ್ಕೆ. ದೋಣಿಗಳನ್ನು ನುರಿದು, ದಡದ ಕಟ್ಟಡಗಳನ್ನು ಒಂದೊಂದಾಗಿ ಮಾತಾಡಿಸುತ್ತ, ಊರವರಿಗೆ ಓಡಿಹೋಗಲೂ ನೋಡುಗರಿಗೆ ಹೊರಗೆ ಹೋಗಿ ಕಾಫಿ ಕುಡಿದು ಬರಲೂ ಧಾರಾಳ ವ್ಯವಧಾನ ಕೊಟ್ಟು ಸಾಗುತ್ತದೆ.

ಸೂತ್ರ 3: ನಾಯಕನಿಗೆ ನೋಯದಿದ್ದರೆ ನೋಡುಗನಿಗೆ ನೋಯುವುದು.

ಭಾಷ್ಯ: 'ಡೈ ಹಾರ್ಡ್' (1988) ಚಿತ್ರದಲ್ಲಿ ಪೊಲೀಸ್ ಪಾತ್ರದ ಬ್ರೂಸ್ ವಿಲ್ಲಿಸ್ ಬರಿಗಾಲಲ್ಲಿ ಗಾಜಿನ ಚೂರು ತುಳಿದು, ಬಚ್ಚಲಲ್ಲಿ ಕೂತು, ವಾಕಿಟಾಕಿಯಲ್ಲಿ ಮಾತಾಡುತ್ತಲೇ ಅಂಗಾಲಿನಿಂದ ಅವನ್ನು ಕೀಳುತ್ತಾರೆ. ಚಿತ್ರದ ಜೀವವಿರುವುದೇ ಆ ಅಂಗಾಲಲ್ಲಿ. ನಾಲ್ಕನೆಯ ಭಾಗದ (2007) ಹೊತ್ತಿಗೆ ಅದೇ ಪೊಲೀಸಪ್ಪ ಯುದ್ಧವಿಮಾನದ ಬೆನ್ನೇರಿದ. ಐದನೆಯದರಲ್ಲಿ (2013) ಚೆರ್ನೋಬಿಲ್ಲಿಗೂ ಹೋಗಿಬಂದ. ವಿಕಿರಣವೇ ಅವನಿಗೆ ಅಂಜಿತೆಂದು ಅಧ್ಯಾಹಾರ ಮಾಡಿಕೊಳ್ಳತಕ್ಕದ್ದು.

ಪೂರ್ವಪಕ್ಷ: ಹಾಗಾದರೆ ನಾಟಕಕಾರ ಭವಭೂತಿಯ ಗತಿಯೇನು? ರಾಮನ ಕಥೆ ಹೇಳುವ ಅವನ 'ಮಹಾವೀರಚರಿತ'ಕ್ಕಿಂತ ಅದರ ಮುಂದಿನ ಕಥೆಯಾದ 'ಉತ್ತರರಾಮಚರಿತ'ವೇ ಮೇಲೆಂದು ಪಂಡಿತರು ಹೇಳುತ್ತಾರಲ್ಲ?

ಸಮಾಧಾನ: ಭವಭೂತಿ ಎರಡನೆಯ ರಾಮನಾಟಕಕ್ಕೆ ಇಪ್ಪತ್ತು ತಲೆಯ ರಾವಣನನ್ನು ತರಲಿಲ್ಲ. ವೀರವನ್ನು ಅಲ್ಲಿಗೇ ಬಿಟ್ಟು ಕರುಣಕ್ಕೆ ಹೊರಳಿದ. ರಿಡ್ಲಿ ಸ್ಕಾಟ್ ಅವರ 'ಏಲಿಯನ್' (1979) ಭಯಾನಕ. ಅದರ ಮುಂದಿನ ಭಾಗವನ್ನು (1986) ಜೇಮ್ಸ್ ಕ್ಯಾಮರೂನ್ ವೀರಕ್ಕೆ ತಿರುಗಿಸಿದರು. 'ಟರ್ಮಿನೇಟರ್ 2' (1991) ಮಾಡುವಾಗ, ಹಿಂದಿನ ಭಾಗದಲ್ಲಿ ಕೊಲ್ಲಲು ಬಂದಿದ್ದ ಯಂತ್ರದ ಜಾತಿಯದನ್ನೇ ಹುಡುಗನ ಕಾವಲಿಗೆ ನಿಲ್ಲಿಸಿದರು. ಕ್ಯಾಮರೂನ್ ಭವಭೂತಿಯನ್ನು ಓದಿದ್ದರೆನ್ನಲು ಆಧಾರವಿಲ್ಲ. ಓದಿಲ್ಲವೆನ್ನಲೂ ಇಲ್ಲ. ಆದ್ದರಿಂದ, ಇಂಥಲ್ಲೆಲ್ಲ ನಾವು ಮಾಡುತ್ತ ಬಂದಿರುವ ಹಾಗೆ, ಓದಿದ್ದರೆಂದೇ ಸಾಧಿಸತಕ್ಕದ್ದು.

ನಿರ್ಣಯ: ಅತಿ ಕೆಟ್ಟ ರೀಮೇಕು ಅಥವಾ ಉತ್ತರಭಾಗಕ್ಕೆ ಕೊಡುವ ಗೋಲ್ಡನ್ ರಾಸ್ಪ್‌ಬೆರಿ ಪ್ರಶಸ್ತಿ 1997ರ ಸಾಲಿನಲ್ಲಿ 'ಸ್ಪೀಡ್ 2'ಕ್ಕೆ ಸಂದಿತು. ಮೂರನೆಯ 'ಸ್ಪೀಡ್' ಇದುವರೆಗೆ ತೆರೆಗೆ ಬಂದಿಲ್ಲ.