ಅಡ್ಡಾಸನ ಮೀಮಾಂಸೆ

ಪೀಠಿಕೆ: ಸಕಲ ಆಸನಗಳೂ ಕೊನೆಗೆ ಮಲಗುವುದರಲ್ಲೇ ಮುಗಿಯುತ್ತವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಹೆಣದಂತೆ ನೆಲಕ್ಕೆ ಅಂಗಾತಾಗುವುದೇ ಶವಾಸನ, ಅದು ದಣಿವು ಕಳೆದು ಚಿತ್ತಕ್ಕೆ ವಿಶ್ರಾಂತಿ ಕೊಡುತ್ತದೆ ಎಂದು ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’ ಹೇಳುತ್ತದೆ. ಬಿ.ಕೆ.ಎಸ್. ಅಯ್ಯಂಗಾರರು 1966ರ ‘ಲೈಟ್ ಆನ್ ಯೋಗ’ದಲ್ಲಿ ಇದನ್ನು ಆಸನಗಳ ಸಾಲಿನ ಕಟ್ಟಕಡೆಗಿಟ್ಟು, ನೋಡಲು ಸುಲಭ, ಸಾಧಿಸಲು ಬಲು ಕಷ್ಟ ಎಂದರು. ಅವರನ್ನು 1937ರಲ್ಲಿ ಪುಣೆಗೆ ಕರೆಸಿಕೊಂಡವರು ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ. ಆದ್ದರಿಂದ ಯೋಗದ ವಿಶ್ವಕೀರ್ತಿಯಲ್ಲಿ ಎಂಟಾಣೆ ಪಾಲು ನಮ್ಮ ಜಿಲ್ಲೆಗೆ ಸಲ್ಲತಕ್ಕದ್ದು. ಆಕ್ಷೇಪವಿದ್ದವರು ಮಧ್ಯಾಹ್ನದ ಊಟವಾದ ಮೇಲೆ ಬರಬೇಕು. ಆಗ ನಾವು ಏಳುವುದಿಲ್ಲ.

ಪಂಥಭೇದ: ಬೈಲಹೊಂಗಲ ಪಂಥದವರು ಹತ್ತಿ ಅಂಡಿಗೆಗೆ ತಲೆ ಕೊಟ್ಟು, ದರ ಏರುವ ತನಕ ಅಡ್ಡಾಗುತ್ತಾರೆ. ಕಿತ್ತೂರು ಪಂಥದವರು ಕೋಟೆಯ ನೆರಳಿನಲ್ಲಿ ಮಲಗಿದರೂ, 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ಊರು ತಮ್ಮದೆಂಬುದು ನೆನಪಾಗಿ ಆಗಾಗ ಮೀಸೆ ತಿರುವುತ್ತಾರೆ, ಚಿತ್ತವಿಶ್ರಾಂತಿ ಅಷ್ಟಕ್ಕಷ್ಟೆ. ಸವದತ್ತಿ ಪಂಥದ್ದು ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಂದ ಚಕ್ಕಡಿಯ ಕೆಳಗಿನ ಸಾಧನೆ. ನಾಲ್ಕರಲ್ಲಿ ಶುದ್ಧ ಶಾಸ್ತ್ರೀಯವಾದದ್ದು ರಾಮದುರ್ಗ ಪಂಥವೊಂದೇ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ಬಾಗಿ ಲಾಳಿ ಎಸೆದ ನೇಕಾರ, ಸಂಜೆ ಮೊಣಕಾಲ ಕೆಳಗೆ ದುಂಡುದಿಂಬಿಟ್ಟು ಅಂಗಾತಾದಾಗ ಸೊಂಟ ಮೆಲ್ಲಗೆ ನೆಲಕ್ಕೆ ತಾಗುತ್ತದೆ. ಬಾಯಿಂದ ತಾನಾಗಿ ‘ಯವ್ವಾ’ ಹೊರಡುತ್ತದೆ. ಅದೇ ಬೀಜಮಂತ್ರ.

ವಿಧಿ: ನೆಲಕ್ಕೆ ಜಮಖಾನೆ ಹಾಸಬೇಕು, ಜೋಲುವ ಹೊರಸು ವರ್ಜ್ಯ. ಕಾಲು ತುಸು ಅಗಲಿಸಿ, ತೋಳು ಮೈಯಿಂದ ದೂರ ಸರಿಸಿ, ಅಂಗೈ ಮೇಲೆ ಮಾಡಿ, ಐದ್ಹತ್ತು ನಿಮಿಷ ಉಸಿರಾಟವನ್ನಷ್ಟೇ ಗಮನಿಸಬೇಕು. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕೈಯೂರಿ ಏಳತಕ್ಕದ್ದು. ಧಡಕ್ಕನೆ ಎದ್ದರೆ ಬಿ.ಪಿ. ಇಳಿದು ತಲೆ ತಿರುಗೀತು.

ನಿಷೇಧ: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಿಗಿದ ಕೂಡಲೇ ಅಂಗಾತ ಬಿದ್ದರೆ ಹೊಟ್ಟೆಯ ಹುಳಿ ಮೇಲೇರಿ ಎದೆ ಉರಿಯುತ್ತದೆ. ಇಲ್ಲಿ ಅಜ್ಜಿಯಂದಿರ ಮಾತೇ ಪ್ರಮಾಣ: “ಉಂಡಕೂಡ್ಲೆ ಅಂಗಾತ ಬೀಳಬ್ಯಾಡೋ ಯಪ್ಪಾ, ಎಡಮಗ್ಗಲಾಗು.” ಎಡಮಗ್ಗುಲಲ್ಲಿ ಹುಳಿ ಮೇಲೇರುವುದು ಕಡಿಮೆ ಎಂದು ವೈದ್ಯರೂ ಒಪ್ಪುತ್ತಾರೆ. ದಿನ ತುಂಬುತ್ತ ಬಂದ ಬಸುರಿಯರಿಗೂ ಅದೇ ಮಗ್ಗುಲು ವಿಹಿತ. ಅಂಗಾತಾದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹಗಲುನಿದ್ದೆಗೆ ಚರಕನು ಬೇಸಿಗೆಯಲ್ಲಿ ಪರವಾನಗಿ ಕೊಟ್ಟಿದ್ದಾನೆ. ನಮ್ಮ ಕಡೆ ಬೇಸಿಗೆ ಯಾವಾಗ ಮುಗಿಯುತ್ತದೆಂಬುದು ವಿದ್ವಾಂಸರಲ್ಲಿ ವಿವಾದ.

ಫಲಶ್ರುತಿ: ಉಸಿರು ನಿಧಾನವಾಗುತ್ತದೆ, ಎದೆಬಡಿತ ಇಳಿಯುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ. ಎದೆಯ ಮೇಲೆ ಮೊಬೈಲಿಟ್ಟು ರೀಲ್ಸ್ ನೋಡುತ್ತ ಬೀಳುವವರು ಐದನೇ ಪಂಥವೆಂದು ಮಾನ್ಯತೆ ಕೋರಿದ್ದರು, ಅರ್ಜಿ ತಿರಸ್ಕೃತ.

ನಿರ್ಣಯ: ಗೊರಕೆ ಕೇಳಿದರೆ ಆಸನ ಮುಗಿದು ನಿದ್ದೆ ಶುರುವಾಯಿತೆಂದು ತಿಳಿಯತಕ್ಕದ್ದು. ದುಡಿದು ಬಂದವರಾದರೆ ದಯವಿಟ್ಟು ಎಬ್ಬಿಸಬೇಡಿ.