ನೊಣಹಿಡುಕ ನಿರ್ಣಯ

ಹಾರುವ ಕೀಟವನ್ನು ಗಾಳಿಯಲ್ಲೇ ಹಿಡಿದು ಬಂದು ಮತ್ತೆ ಕೊಂಬೆಯ ಮೇಲೆ ಕೂರುವ ಹಕ್ಕಿಗೆ ನೊಣಹಿಡುಕವೆಂದೂ, ಆ ಹಕ್ಕಿಯನ್ನು ಹಿಡಿಯಲಾರದೆ ಬಿಡಲೂ ಆರದೆ ಮರದ ಬುಡದಲ್ಲಿ ಕತ್ತೆತ್ತಿ ನಿಂತ ದ್ವಿಪಾದಿಗೆ ಪಕ್ಷಿವೀಕ್ಷಕನೆಂದೂ ಹೆಸರು. ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ವಲಸೆ ಬರುವ ಮೊದಲನೆಯದೂ ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಬರುವ ಎರಡನೆಯದೂ ನಂದಿಬೆಟ್ಟದ ಮೇಲೆ ಸಂಧಿಸಿದಾಗ ಹುಟ್ಟುವ ಸಂಶಯವೇ ಈ ಶಾಸ್ತ್ರಕ್ಕೆ ಮೂಲ.

ಶಾಸ್ತ್ರದ ಮೊದಲ ತೊಡಕು ಹೆಸರಿನದೇ. ಕೆಂಗತ್ತಿನ ನೊಣಹಿಡುಕದ ಕೆಂಪು ವಯಸ್ಕ ಗಂಡಿನ ಸೊತ್ತಾಗಿದ್ದು, ಅದೇ ವರ್ಷ ಹುಟ್ಟಿ ಮೊದಲ ವಲಸೆಗೆ ಬಂದ ಮರಿಗೆ ಅದರ ಸುಳಿವೂ ಇರುವುದಿಲ್ಲವಾದ್ದರಿಂದ, ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತಾಗಿದೆ. ಅದರ ದಾಯಾದಿಯಾದ ಸೈಬೀರಿಯದ ಟೈಗಾ ನೊಣಹಿಡುಕದ ಮರಿಯೂ ಹಾಗೆಯೇ ಬೋಳುಗತ್ತಿನದು. ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಗರಿಗಳು ಬಾಲಕ್ಕಿಂತಲೂ ಕಡುಗಪ್ಪಾಗಿದ್ದರೆ ಟೈಗಾ, ಇಲ್ಲದಿದ್ದರೆ ಕೆಂಗತ್ತು ಎಂಬುದು ಸಿದ್ಧಾಂತ. ಆದರೆ ಬಾಲದ ಮೇಲ್ಭಾಗ ಕಾಣಬೇಕಾದರೆ ಹಕ್ಕಿ ಕೆಳಗೂ ವೀಕ್ಷಕ ಮೇಲೂ ಇರಬೇಕು. ಸೃಷ್ಟಿಕರ್ತನು ಏರ್ಪಾಡನ್ನು ತಿರುವುಮುರುವು ಮಾಡಿಟ್ಟಿರುವುದು ವಿದ್ವಾಂಸರ ನಿತ್ಯದ ದೂರು.

ಇದಕ್ಕಿಂತ ಗಹನವಾದದ್ದು ಕಂದು ನೊಣಹಿಡುಕ ಮತ್ತು ಕಂದು ಎದೆಯ ನೊಣಹಿಡುಕಗಳ ಭೇದ. ಎದೆ ನೋಡಿ ತಿಳಿಯಬಾರದೇಕೆ ಎಂಬುದು ಪೂರ್ವಪಕ್ಷ. ಹಾಗಲ್ಲ, ಮೊದಲನೆಯದರ ಎದೆಯೂ ಮಸುಕು ಬೂದುಗಂದೇ ಆಗಿರುವುದರಿಂದ ಕಾಲನ್ನೇ ನೋಡತಕ್ಕದ್ದು, ಕಪ್ಪಾದರೆ ಕಂದು, ತಿಳಿಹಳದಿಯಾದರೆ ಕಂದೆದೆ, ಎಂಬುದು ಸಮಾಧಾನ. ಎರಡನೆಯದಕ್ಕೆ 1854ರಲ್ಲಿ ಸಿಂಹಳದಲ್ಲಿದ್ದ ಎಡ್ಗರ್ ಲೇಯಾರ್ಡ್ ತನ್ನ ಸೇವಕ ಮುತ್ತುವಿನ ನೆನಪಿಗೆ ‘ಮುತ್ತುಯಿ’ ಎಂದು ವೈಜ್ಞಾನಿಕ ನಾಮಕರಣ ಮಾಡಿದನು. ಹಕ್ಕಿಯನ್ನು ಗುರುತಿಸಲು ಒದ್ದಾಡಿದ ಅಸಂಖ್ಯ ಪಂಡಿತರ ಹೆಸರು ಯಾವ ಗರಿಗೂ ಅಂಟದಿರುವಾಗ, ಅದನ್ನು ತಂದುಕೊಟ್ಟವನ ಹೆಸರು ಉಳಿದದ್ದು ನ್ಯಾಯವೆಂದೇ ಹೇಳಬೇಕು.

ಇನ್ನು ಪ್ರಮಾಣವಿಚಾರ. ಪ್ರತ್ಯಕ್ಷವು ಎಲೆಗಳಿಂದ ಬಾಧಿತ. ದಾರ್ಶನಿಕರಿಗೆ ಶಬ್ದವೆಂದರೆ ಆಪ್ತವಾಕ್ಯ. ಇಲ್ಲಿ ಮಾತ್ರ ಹಕ್ಕಿಯ ದನಿಯೇ ಶಬ್ದ. ಕೆಂಗತ್ತಿನದು ನಿಧಾನವಾದ ಒಣ ಗಿರಗಿರ, ಟೈಗಾದ್ದು ಚಿಮ್ಮಂಡೆಯಂತೆ ಬಿರುಸು ಎಂದು ಬಲ್ಲವರು ಹೇಳುತ್ತಾರೆ. ಚಿಮ್ಮಂಡೆಯೇ ಕೂಗಿದಾಗ ಏನು ಗತಿ ಎಂಬುದನ್ನು ಅವರು ವಿವರಿಸುವುದಿಲ್ಲ. ಭಾಟ್ಟಮೀಮಾಂಸಕರು ಒಪ್ಪಿದ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದರಿಂದಲೇ ಇಲ್ಲವೆಂದು ಅರಿಯುವ ಪ್ರಮಾಣವನ್ನು, ಇಲ್ಲಿ ಅವಸರದಿಂದ ಅನ್ವಯಿಸಿದರೆ ನಂದಿಬೆಟ್ಟದ ಮುಕ್ಕಾಲು ಹಕ್ಕಿಗಳು ಕಾಲಿಲ್ಲದವೆಂದು ಸಿದ್ಧವಾಗುತ್ತದೆ. ಎಲ್ಲ ಪ್ರಮಾಣಗಳೂ ಸೋತಲ್ಲಿ ಗುಂಪಿನಲ್ಲಿ ಅತಿ ಉದ್ದದ ಲೆನ್ಸ್ ಹೊತ್ತವನ ಮಾತು ವೇದವಾಗುವುದು ಲೋಕರೂಢಿಯೇ ಹೊರತು ಶಾಸ್ತ್ರವಲ್ಲ.

ಆದ್ದರಿಂದ ನಿರ್ಣಯವಿಷ್ಟು: ಟಿಪ್ಪಣಿ ಪುಸ್ತಕದಲ್ಲಿ ‘ನೊಣಹಿಡುಕ, ಮರಿ, ಒಂದು, ಕಾಲು ಕಾಣಲಿಲ್ಲ’ ಎಂದು ಬರೆದ ದಾಖಲೆಯೇ ಸಿಂಧು. ‘ಒಂದು’ ಎಂಬುದಕ್ಕೆ ಮಾತ್ರ, ಅದು ಹಾರಿಹೋಗಿ ಮತ್ತೆ ಬಂದು ಕೂತ ಪಕ್ಷದಲ್ಲಿ, ಎರಡನೆಯ ಸಾಕ್ಷಿ ಬೇಕು.